ಬೆಟ್ಟದಂಚಿನ ಅಟ್ಟಣಿಗೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಬೆಟ್ಟದ ರಸ್ತೆ ಪಕ್ಕ ವ್ಯೂಪಾಯಿಂಟ್ ಕಟ್ಟೋದರ ಬಗ್ಗೆ ಯಾರೋ ಕೇಳಿದ್ರು, ಪ್ರಪಾತದ ಕಡೆ ನೋಡೋಕೆ ಮುಂಚೆ ಬೆನ್ನ ಹಿಂದಿನ ಬಂಡೆ ನೋಡಿ ಅಂತ ನಾಲ್ಕು ಸಾಲಲ್ಲಿ ಉತ್ತರ ಬರೆದು ಮುಗಿಸಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿದೀನಿ, ಉದ್ದ ಇದ್ದವನ್ನ ಮೊಟಕು ಮಾಡಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಾನು ಆರ್ಕಿಟೆಕ್ಚರ್ ಕೊನೇ ವರ್ಷದ ವಿದ್ಯಾರ್ಥಿನಿ. ಥೀಸಿಸ್‌ಗೆ ಪರ್ವತ ರಸ್ತೆ ಪಕ್ಕದ ವೀಕ್ಷಣಾ ವೇದಿಕೆ ತಗೊಂಡಿದೀನಿ. ಬಂಡೆಯಂಚಿಂದ 12 ಮೀಟರ್ ಹೊರಗೆ ಚಾಚಿದೆ, ಅಗಲ 3 ಮೀಟರ್, ಕೆಳಗೆ ಕಂಬ ಇಲ್ಲ. ನಮ್ಮ ಗೈಡ್ "ಇಷ್ಟುದ್ದ ಯಾಕಮ್ಮ ಬೇಕು" ಅಂತ ಪ್ರತಿ ರಿವ್ಯೂನಲ್ಲೂ ಕೇಳ್ತಾರೆ. ಹೆಚ್ಚಂದ್ರೆ ಎಷ್ಟು ಮೀಟರ್ ಚಾಚಬಹುದು?

ಉತ್ತರ: ಹೆಚ್ಚಂದ್ರೆ ಎಷ್ಟು ಅಂದ್ರೆ ದುಡ್ಡು ಇದ್ದಷ್ಟು. ನಾರ್ವೆಯ ಔರ್‌ಲ್ಯಾಂಡ್‌ನಲ್ಲಿ ಸ್ಟೇಗಸ್ಟೈನ್ ಅಂತ ಒಂದಿದೆ, ಟಾಡ್ ಸಾಂಡರ್ಸ್ ಮತ್ತು ಟಾಮಿ ವಿಲ್ಹೆಲ್ಮ್‌ಸನ್ ಡಿಸೈನ್ ಮಾಡಿದ್ದು, 2006ರಲ್ಲಿ ತೆರೆದ್ರು, ಸುಮಾರು 30 ಮೀಟರ್ ಉದ್ದ, ತುದೀಲಿ ಕೆಳಕ್ಕೆ ಬಾಗಿಬಿಡುತ್ತೆ, ಅಲ್ಲಿ ಒಂದು ಗಾಜು ಅಷ್ಟೇ, ಅದರಾಚೆ ಸುಮಾರು 650 ಮೀಟರ್ ಕೆಳಗೆ ಫಿಯೋರ್ಡ್‌ನ ನೀರು (ಬೆಟ್ಟಗಳ ನಡುವೆ ಒಳಕ್ಕೆ ನುಗ್ಗಿದ ಸಮುದ್ರದ ಕವಲು). ನಿಮ್ಮ ಮನಸಲ್ಲಿ ಇರೋದು ಅದರ ಫೋಟೋನೇ ಇರಬೇಕು, ಎಲ್ಲಾ ಸ್ಟೂಡೆಂಟ್ಸ್ ಗೋಡೆ ಮೇಲೂ ಅದೇ ಇರುತ್ತೆ. ಆದ್ರೆ ನಿಮ್ಮ ಗೈಡ್ ಕೇಳ್ತಿರೋದೇ ಸರಿಯಾದ ಪ್ರಶ್ನೆ, ನಾನೂ ಅದನ್ನೇ ಕೇಳ್ತಿದ್ದೆ.

ಒಂದು ಉದ್ದ ಏಣೀನ ಒಂದೇ ತುದೀಲಿ ಹಿಡ್ಕೊಂಡು ಅಡ್ಡಕ್ಕೆ ಎತ್ತಿ ನೋಡಿ, ಏಣಿ ಭಾರಕ್ಕಿಂತ ನಿಮ್ಮ ಮಣಿಕಟ್ಟು ತಿರುಚೋ ನೋವೇ ಜಾಸ್ತಿ. ಕ್ಯಾಂಟಿಲಿವರ್ ಅಂದ್ರೆ ಅಷ್ಟೇ, ಬುಡದಲ್ಲಿ ಆ ತಿರುಚನ್ನ ಯಾರು ಹಿಡೀತಾರೆ ಅನ್ನೋದು. ಲೆಕ್ಕ ಹಾಕೋಣ. ಜನ ಕಿಕ್ಕಿರಿದು ನಿಂತ್ರೆ ಒಂದು ಚದರ ಮೀಟರ್‌ಗೆ 500 ಕಿಲೋ ಅಂತ ಹಿಡಿಯೋದು ವಾಡಿಕೆ. ನಿಮ್ಮದು 36 ಚದರ ಮೀಟರ್, ಅಂದ್ರೆ ಜನರದ್ದೇ 18 ಟನ್. ವೇದಿಕೆಯ ಸ್ವಂತ ತೂಕ ಚದರ ಮೀಟರ್‌ಗೆ 200 ಕಿಲೋ ಅಂತ ಇಟ್ಕೊಳ್ಳಿ, ಇನ್ನೊಂದು 7 ಟನ್ ಚಿಲ್ಲರೆ. ಒಟ್ಟು 25 ಟನ್, ಅದರ ಸರಾಸರಿ ದೂರ ಅಂಚಿಂದ 6 ಮೀಟರ್, ಅಂದ್ರೆ ಬುಡದಲ್ಲಿ ಸುಮಾರು 150 ಟನ್-ಮೀಟರ್ ತಿರುಚು. ಈಗ ಬಂಡೆ ಮೇಲೆ ಹಿಂದಕ್ಕೆ 6 ಮೀಟರ್ ತೊಲೆ ಎಳೆದು ಅದರ ಬಾಲವನ್ನ ಬಂಡೆಗೆ ಕಟ್ಟಿದ್ರೆ ಆ ಬಾಲ 25 ಟನ್ ಬಲದಲ್ಲಿ ಮೇಲಕ್ಕೆ ಎದ್ದೇಳೋಕೆ ನೋಡುತ್ತೆ, ಅಂಚಲ್ಲಿರೋ ಆಧಾರದ ಮೇಲೆ 50 ಟನ್ ಕೂರುತ್ತೆ. ಹಿಂದೆ ಜಾಗ ಇಲ್ಲ ಅಂತ ಬಾಲಾನ 3 ಮೀಟರ್‌ಗೆ ಇಳಿಸಿದ್ರೆ ಎದ್ದೇಳೋ ಬಲ 50 ಟನ್ ಆಗುತ್ತೆ. ಇದರಲ್ಲಿ ಸೇಫ್ಟಿ ಫ್ಯಾಕ್ಟರ್ ಇನ್ನೂ ಸೇರಿಲ್ಲ, ಗಾಳಿ ಇಲ್ಲ, ಹಿಮ ಬೀಳೋ ಜಾಗ ಆದ್ರೆ ಹಿಮದ ಭಾರ ಇಲ್ಲ.

ನಿಮ್ಮ ಡ್ರಾಯಿಂಗಲ್ಲಿ ಆ ಬಾಲ ಎಲ್ಲಿದೆ? ಬಹುಶಃ ರಸ್ತೆ ಅಡಿಯಲ್ಲಿ ಬಂದಿರುತ್ತೆ, ಇಲ್ಲಾ ರಸ್ತೆ ಅಗಲ ಮಾಡುವಾಗ ತುಂಬಿದ ಮಣ್ಣಲ್ಲಿ. ತುಂಬಿದ ಮಣ್ಣಿಗೆ ಆಂಕರ್ (ಕೊರೆದು ಒಳಗೆ ಬಿಗಿಯೋ ಉಕ್ಕಿನ ಸರಳು) ಹೊಡೆದು ಪ್ರಯೋಜನ ಇಲ್ಲ. ಗಟ್ಟಿ ಬಂಡೆಗೇ ಹೋಗಬೇಕು, ಅದರಲ್ಲೂ ಬಂಡೆಯ ಸೀಳುಗಳು ಯಾವ ಕಡೆ ವಾಲಿದಾವೆ ಅಂತ ನೋಡಬೇಕು. ಸೀಳು ಬೆಟ್ಟದ ಒಳಕ್ಕೆ ವಾಲಿದ್ರೆ ಪರವಾಗಿಲ್ಲ. ಕಣಿವೆ ಕಡೆ ವಾಲಿ ಇಳಿಜಾರಿನ ಮುಖದಲ್ಲೇ ಬಾಯಿ ಬಿಟ್ಕೊಂಡಿದ್ರೆ ಅಲ್ಲಿ ಮೇಲಿನ ಪದರ ಯಾವತ್ತಾದ್ರೂ ಜಾರೋಕೆ ರೆಡಿ ಇರುತ್ತೆ, ನೀವು 50 ಟನ್ ಅಂಚಲ್ಲಿ ಕೂರಿಸಿ ಅದಕ್ಕೆ ಸಹಾಯ ಮಾಡಿದ ಹಾಗಾಗುತ್ತೆ. ನೀರು ಆ ಸೀಳಲ್ಲಿ ಇಳಿದ್ರೆ ಇನ್ನೂ ಕಷ್ಟ, ಚಳಿ ಜಾಗದಲ್ಲಿ ಅದೇ ನೀರು ಹೆಪ್ಪುಗಟ್ಟಿ ಸುಮಾರು 9 ಪರ್ಸೆಂಟ್ ಹಿಗ್ಗಿ ಸೀಳನ್ನ ಅಗಲ ಮಾಡುತ್ತೆ. ಹಾಗಾಗಿ ಭೂವಿಜ್ಞಾನಿ ಮೊದಲು, ಆಮೇಲೆ ಇಂಜಿನಿಯರ್, ಆಮೇಲೆ ನಾವು ಆರ್ಕಿಟೆಕ್ಟ್‌ಗಳು. ಹಾಕಿದ ಆಂಕರ್‌ಗಳನ್ನ ಜಾಕ್ ಹಚ್ಚಿ ಎಳೆದು ಟೆಸ್ಟ್ ಮಾಡಿಸೋದು ಬಿಡಬೇಡಿ.

ಇನ್ನೊಂದು, ಉದ್ದ ಅರ್ಧ ಮಾಡಿದ್ರೆ ಬುಡದ ತಿರುಚು ಕಾಲು ಭಾಗಕ್ಕೆ ಇಳಿಯುತ್ತೆ, ಅದೇ ತೊಲೆ ಇಟ್ರೆ ತುದಿ ಬಾಗೋದು ಹದಿನಾರನೇ ಒಂದು ಭಾಗ. 12ರ ಬದಲು 6 ಮೀಟರ್ ಮಾಡಿ ಒಂದ್ಸಲ ಮಾಡೆಲ್ ನೋಡಿ. 6 ಮೀಟರ್ ಹೊರಗೆ ನಿಂತವರಿಗೂ ಎದುರು ಬೆಟ್ಟ ಅಷ್ಟೇ ದೂರ ಕಾಣುತ್ತೆ, ಪ್ರಪಾತ ಅಷ್ಟೇ ಆಳ. ಎದುರಿಗಿರೋ ಮರ, ಬಂಡೆಮೂಗು ನೋಟಕ್ಕೆ ಅಡ್ಡ ಬರ್ತಾ ಇದ್ರೆ ಅದನ್ನ ದಾಟೋಷ್ಟು ಚಾಚಿ, ಅದಕ್ಕಿಂತ ಒಂದಡಿ ಜಾಸ್ತಿ ಚಾಚಿದ್ರೂ ಅದು ಫೋಟೋಗೆ ಅಂತ ನನ್ನ ಲೆಕ್ಕ.

ಪ್ರಶ್ನೆ: ತುದಿ ಅಲ್ಲಾಡುತ್ತೆ, ಭಯ ಆಗುತ್ತೆ. ಅಲ್ಲಾಡೋದು ಸಹಜಾನಾ? "ಒಮ್ಮೆಗೆ ಇಷ್ಟೇ ಜನ" ಅಂತ ಬೋರ್ಡ್ ಹಾಕಿದ್ರೆ ಸಾಕಲ್ವಾ?

ಉತ್ತರ: ಎರಡು ಪ್ರಶ್ನೆ ಇದೆ ಇದರಲ್ಲಿ. ಅಲ್ಲಾಡೋ ವಿಷಯ ಮೊದಲು. ಮನುಷ್ಯ ನಡೆಯುವಾಗ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡ್ತಾನೆ, ವೇದಿಕೆಯ ಸ್ವಾಭಾವಿಕ ಕಂಪನ ಅದರ ಹತ್ರ ಬಂದ್ರೆ ನಾಲ್ಕು ಜನ ನಡೆದ್ರೂ ಕುಣಿಯುತ್ತೆ. ಅದಕ್ಕೇ ಮೇಲೆ-ಕೆಳಗಿನ ಕಂಪನ 5 ಹರ್ಟ್ಸ್‌ಗಿಂತ, ಅಂದ್ರೆ ಸೆಕೆಂಡಿಗೆ 5 ಸಲಕ್ಕಿಂತ ಮೇಲಿರಲಿ ಅಂತ ನೋಡ್ಕೋತಾರೆ. ಸೈಟಲ್ಲಿ ಮಾಡೋ ಕೈಲೆಕ್ಕ ಹೀಗೆ: ಸ್ವಂತ ತೂಕಕ್ಕೆ ತುದಿ ಎಷ್ಟು ಮಿಲಿಮೀಟರ್ ತಗ್ಗುತ್ತೋ ಅದರ ವರ್ಗಮೂಲದಿಂದ 18ನ್ನ ಭಾಗಿಸಿ. 13 ಮಿ.ಮೀ ತಗ್ಗಿದ್ರೆ 5 ಹರ್ಟ್ಸ್, 36 ಮಿ.ಮೀ ತಗ್ಗಿದ್ರೆ 3. ಅಡ್ಡಕ್ಕೆ ತೂಗೋದು ಬೇರೆ ಕಥೆ, 2000ನೇ ಇಸವೀಲಿ ಲಂಡನ್‌ನ ಮಿಲೇನಿಯಂ ಪಾದಚಾರಿ ಸೇತುವೆ ತೆರೆದ ಎರಡೇ ದಿನಕ್ಕೆ ಮುಚ್ಚಿದ್ರಲ್ಲ ಅದಕ್ಕೇ, ಅಲ್ಲಾಟ ಹೀರ್ಕೊಳ್ಳೋ ಡ್ಯಾಂಪರ್ ಕೂರಿಸಿ ಮತ್ತೆ ತೆರೆಯೋ ಹೊತ್ತಿಗೆ 2002. ಅಲ್ಲಾಡಿದ ಮಾತ್ರಕ್ಕೆ ಬೀಳುತ್ತೆ ಅಂತಲ್ಲ, ಆದ್ರೆ ಪ್ರಪಾತದ ಮೇಲೆ ನಿಂತವನಿಗೆ ಆ ವ್ಯತ್ಯಾಸ ವಿವರಿಸ್ತಾ ಕೂರೋಕೆ ಆಗಲ್ಲ.

ಬೋರ್ಡ್ ವಿಷಯಕ್ಕೆ ಬಂದ್ರೆ, ಸಾಲಲ್ಲ, ಖಂಡಿತ ಸಾಲಲ್ಲ. ಒಂದು ಬಸ್ಸಿಂದ ಇಳಿದ 50 ಜನ ಬೋರ್ಡ್ ಓದ್ಕೊಂಡು ಬ್ಯಾಚ್ ಮಾಡ್ಕೊಂಡು ಹೋಗ್ತಾರಾ? ಗೈಡ್ "ಇಲ್ಲಿ ನೋಡಿ" ಅಂದ ತಕ್ಷಣ ಎಲ್ಲರೂ ಒಂದೇ ಮೂಲೆಗೆ ನುಗ್ತಾರೆ. ಹಿಡಿಸೋ ಅಷ್ಟೂ ಜನ ಒಂದೇ ಸಲ ನಿಂತ್ರೆ ಅಂತಲೇ ಡಿಸೈನ್ ಮಾಡಬೇಕು, ಎಲ್ಲರೂ ಒಂದೇ ಬದಿಗೆ ಸೇರಿದ್ರೆ ಅನ್ನೋದನ್ನೂ ಬೇರೆಯಾಗಿ ಲೆಕ್ಕ ಹಾಕಬೇಕು. ನ್ಯೂಜಿಲೆಂಡ್‌ನ ಕೇವ್ ಕ್ರೀಕ್‌ನಲ್ಲಿ 1995ರ ಏಪ್ರಿಲ್ 28ರಂದು ಕಾಡಿನೊಳಗಿನ ಒಂದು ಸಣ್ಣ ಮರದ ವೇದಿಕೆ ಕುಸಿದು 14 ಜನ ಸತ್ರು, ಹೆಚ್ಚಿನವರು ವಿದ್ಯಾರ್ಥಿಗಳು. ವಿಚಾರಣೇಲಿ ಹೊರಬಂದಿದ್ದೇನು ಅಂದ್ರೆ ಅದಕ್ಕೆ ಅರ್ಹ ಇಂಜಿನಿಯರ್ ಡಿಸೈನ್ ಇರಲಿಲ್ಲ, ಕಟ್ಟಡ ಪರವಾನಗಿ ಇರಲಿಲ್ಲ, ಬೋಲ್ಟ್ ಹಾಕಬೇಕಾದ ಕಡೆ ಮೊಳೆ ಹೊಡೆದಿದ್ರು, ಯಾಕಂದ್ರೆ ಸೈಟಿಗೆ ಸರಿಯಾದ ಡ್ರಿಲ್ಲೇ ತಗೊಂಡು ಹೋಗಿರಲಿಲ್ಲ. ಮೊಳೆಗೂ ಬೋಲ್ಟಿಗೂ ಏನು ವ್ಯತ್ಯಾಸ ಅಂತ ಕೇಳೋರಿಗೆ: ಅಡ್ಡಕ್ಕೆ ಜಾರದ ಹಾಗೆ ಮೊಳೆ ತಡೆಯುತ್ತೆ, ನೇರ ಎಳೆದ್ರೆ ಬಂದ ದಾರೀಲೇ ಹೊರಗೆ ಬರುತ್ತೆ. ವೇದಿಕೆಯ ಬಾಲ ಎದ್ದೇಳುವಾಗ ಆಗೋದು ನೇರ ಎಳೆತಾನೇ. ಚಿಕ್ಕದು, ಮರದ್ದು, ಇದಕ್ಕೆಲ್ಲಾ ಇಂಜಿನಿಯರ್ ಯಾಕೆ ಅನ್ನೋರಿಗೆ ನಾನು ಯಾವಾಗ್ಲೂ ಹೇಳೋದು ಇದೊಂದೇ ಉದಾಹರಣೆ.

ಪ್ರಶ್ನೆ: ನಾನು ರಸ್ತೆ ಕಾಮಗಾರಿಯ ಸೈಟ್ ಇಂಜಿನಿಯರ್. ನಮ್ಮ ರೂಟಲ್ಲಿ ಒಂದು ಹೇರ್‌ಪಿನ್ ತಿರುವಿನಲ್ಲೇ ನೋಟ ತೆರೆದುಕೊಳ್ಳುತ್ತೆ, ಎಲ್ಲರೂ ಅಲ್ಲೇ ಗಕ್ಕನೆ ಬ್ರೇಕ್ ಹಾಕ್ತಾರೆ. ಮೇಲಿನವರು ಅಲ್ಲೇ ವೇದಿಕೆ ಮಾಡಿ ಅಂತಿದ್ದಾರೆ. ಏನ್ ಮಾಡ್ಲಿ?

ಉತ್ತರ: ಅಲ್ಲಿ ಮಾಡಬೇಡಿ ಸರ್. ಮಾಡಲೇಬೇಕಂದ್ರೆ ವೇದಿಕೆ ಅಲ್ಲಿರಲಿ, ಗಾಡಿ ನಿಲ್ಲೋದು ಬೇರೆ ಕಡೆ ಇರಲಿ.

ನೋಡಿ, ನೋಟ ಕಾಣಿಸಿದ ಮೇಲೆ ಡ್ರೈವರ್ ಕಣ್ಣು ರಸ್ತೆ ಮೇಲಿರಲ್ಲ. ಗಂಟೆಗೆ 60 ಕಿ.ಮೀ ವೇಗದಲ್ಲಿ ಬರೋ ಗಾಡಿಗೆ ಏನೋ ಕಂಡು, ಕಾಲು ಬ್ರೇಕಿಗೆ ಹೋಗಿ, ಪೂರ್ತಿ ನಿಲ್ಲೋಕೆ 80 ಮೀಟರ್ ಬೇಕು ಅಂತ ನಮ್ಮ ರಸ್ತೆ ಮಾನದಂಡಗಳು ಹಿಡಿಯುತ್ತೆ, 40ರಲ್ಲಿ 45 ಮೀಟರ್, ಇಳಿಜಾರಾದ್ರೆ ಇನ್ನೂ ಜಾಸ್ತಿ. ಹೇರ್‌ಪಿನ್‌ನಲ್ಲಿ ಅಷ್ಟು ದೂರ ಕಾಣೋದೇ ಇಲ್ಲ. ಅಲ್ಲಿ ಒಂದು ಕಾರು ನಿಂತು ಅದರ ಬಾಗಿಲು ರಸ್ತೆ ಕಡೆ ತೆರೆದು ಮಗು ಇಳೀತು ಅಂದ್ರೆ ಮುಗೀತು ಕಥೆ. ಹಾಗಾಗಿ ನಿಲ್ಲೋ ಜಾಗ ತಿರುವಿಗೆ ಮೊದಲೇ ಅಥವಾ ದಾಟಿದ ಮೇಲೆ, ನೇರ ಇರೋ ಕಡೆ, ಸಾಧ್ಯ ಆದಷ್ಟೂ ಕಣಿವೆ ಬದಿಗೇ ಬರಲಿ, ಇಳಿದವರು ರಸ್ತೆ ದಾಟೋದು ತಪ್ಪುತ್ತೆ. ಎದುರು ದಿಕ್ಕಿಂದ ಬರೋರು ಅಡ್ಡ ತಿರುಗಿಸ್ಕೊಂಡು ಒಳಗೆ ಬರಬೇಕಲ್ಲ, ಅವರಿಗೂ ಎರಡೂ ಕಡೆ ಕಾಣೋ ಹಾಗಿರಬೇಕು. ಬಸ್ಸು ಒಂದು ಬಾಯಲ್ಲಿ ಒಳಗೆ ಹೋಗಿ ಇನ್ನೊಂದು ಬಾಯಲ್ಲಿ ಹೊರಗೆ ಬರಬೇಕು, ರಿವರ್ಸ್ ತಗೊಳ್ಳೋ ಪ್ರಸಂಗ ಬರಲೇಬಾರದು. ಮುಂಚೇನೇ ಬೋರ್ಡ್ ಹಾಕಿ, ಇನ್ನು 500 ಮೀಟರ್‌ಗೆ ನಿಲ್ಲೋ ಜಾಗ ಇದೆ ಅಂತ ಗೊತ್ತಿದ್ದವನು ತಿರುವಲ್ಲಿ ಬ್ರೇಕ್ ಹಾಕಲ್ಲ, ಅಥವಾ ಕಮ್ಮಿ ಹಾಕ್ತಾನೆ.

ಪಾರ್ಕಿಂಗಿಗೆ ಜಾಗವೇ ಇಲ್ಲ ಅಂದ್ರೆ ಕೆನಡಾದವರು ಮಾಡಿದ್ದು ನೋಡಿ. ಜ್ಯಾಸ್ಪರ್ ನ್ಯಾಷನಲ್ ಪಾರ್ಕ್‌ನಲ್ಲಿ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಪಕ್ಕ 2014ರಲ್ಲಿ ಗ್ಲೇಸಿಯರ್ ಸ್ಕೈವಾಕ್ ತೆರೆದ್ರು, ಬಂಡೆಯಂಚಿಂದ 35 ಮೀಟರ್ ಹೊರಗೆ, ಕಣಿವೆಯಿಂದ 280 ಮೀಟರ್ ಮೇಲೆ. ಅಲ್ಲಿ ಸ್ವಂತ ಗಾಡಿ ನಿಲ್ಲಿಸೋ ಹಾಗೇ ಇಲ್ಲ, ದೂರದ ಕೇಂದ್ರದಲ್ಲಿ ಬಿಟ್ಟು ಬಸ್ಸಲ್ಲಿ ಬರಬೇಕು. ಎಲ್ಲಾ ಕಡೆ ಬಸ್ ಬಿಡೋಕೆ ಆಗಲ್ಲ ಸರಿ, ಆದ್ರೆ 50-100 ಮೀಟರ್ ನಡೆಸೋಕೆ ಆಗುತ್ತೆ. ನನ್ನ ಕೇಳಿದ್ರೆ ಆ ನಡಿಗೆ ಇರೋದೇ ಒಳ್ಳೇದು. ಒಂದು ಗಂಟೆ ಸ್ಟೀರಿಂಗ್ ಹಿಡಿದವನಿಗೆ ಇಳಿದ ತಕ್ಷಣ ಏನು ಕಂಡ್ರೂ ವಿಂಡ್‌ಶೀಲ್ಡಲ್ಲಿ ಕಂಡ ಹಾಗೇ ಇರುತ್ತೆ, ಕಾಲು ನೆಲಕ್ಕೆ ತಾಗಿ ಗಾಳಿ ಮುಖಕ್ಕೆ ಬಡಿದು ಸ್ವಲ್ಪ ಹೊತ್ತಾಗಬೇಕು. ಆ ದಾರೀಲಿ ನೋಟಾನ ಬಂಡೆ ಹಿಂದೆ ಮರೆಮಾಡಿ, ಒಂದು ತಿರುವಲ್ಲಿ ಒಮ್ಮೆಗೇ ತೆರೀರಿ. ಪಾರ್ಕಿಂಗಿಂದಲೇ ಎಲ್ಲಾ ಕಾಣ್ತಿದ್ರೆ ಅರ್ಧ ಜನ ಕಾರಿಂದ ಇಳಿಯೋದೇ ಇಲ್ಲ, ಗ್ಲಾಸ್ ಇಳಿಸಿ ಒಂದು ಫೋಟೋ ಹೊಡೆದು ಹೊರಡ್ತಾರೆ.

ಮೇಲಿಂದ ಬೀಳೋ ಕಲ್ಲನ್ನ ಮಾತ್ರ ಮರೀಬೇಡಿ. ಎಲ್ಲರ ಗಮನ ಕೆಳಗಿನ ಪ್ರಪಾತದ ಕಡೆ, ಅಪಾಯ ತಲೆ ಮೇಲೆ. ನಾರ್ವೆಯ ಟ್ರೋಲ್‌ಸ್ಟೀಗನ್ 1936ರಲ್ಲಿ ಆದ ರಸ್ತೆ, 11 ಹೇರ್‌ಪಿನ್, ಮೇಲ್ಗಡೆ ಆರ್ಕಿಟೆಕ್ಟ್ ರೈಯುಲ್ಫ್ ರಾಮ್‌ಸ್ಟಾಡ್ ಅವರ ವೇದಿಕೆಗಳು 2012ರಲ್ಲಿ ಮುಗಿದವು, ಜಗತ್ತಿನ ಜನ ನೋಡೋಕೆ ಬರ್ತಾರೆ. 2024ರಲ್ಲಿ ಕಲ್ಲು ಬೀಳೋ ಕಾಟಕ್ಕೆ ಆ ರಸ್ತೇನೇ ಮುಚ್ಚಬೇಕಾಯ್ತು. ರಸ್ತೆ ಮೇಲಿನ ಇಳಿಜಾರಲ್ಲಿ ಹೊಸದಾಗಿ ಉದುರಿದ ಕಲ್ಲು, ಸಿಪ್ಪೆ ಎದ್ದ ಮರದ ಬುಡ ಕಂಡ್ರೆ ಆ ಜಾಗದಲ್ಲಿ ಜನರನ್ನ ನಿಲ್ಲಿಸೋ ಯೋಚನೆ ಬಿಟ್ಟುಬಿಡಿ.

ಹಾಂ, ಶೌಚಾಲಯ. ಕಟ್ಟದೇ ಇದ್ರೆ ನಿಮ್ಮ ವೇದಿಕೆ ಹಿಂದಿನ ಪೊದೆಗಳೇ ಶೌಚಾಲಯ ಆಗುತ್ತೆ, ಬರೆದಿಟ್ಕೊಳ್ಳಿ.

ಪ್ರಶ್ನೆ: ಅಮ್ಮನ್ನ ವೀಲ್‌ಚೇರಲ್ಲಿ ಕರ್ಕೊಂಡು ಹೋಗಿದ್ವಿ. ರ‍್ಯಾಂಪ್ ಚೆನ್ನಾಗಿತ್ತು, ತುದಿವರೆಗೂ ಹೋದ್ವಿ, ಆದ್ರೆ ಅಮ್ಮನಿಗೆ ಕಂಡಿದ್ದು ರೇಲಿಂಗ್ ಪೈಪು ಮಾತ್ರ. ಇದನ್ನ ಯಾರೂ ಯೋಚ್ನೆ ಮಾಡಲ್ವಾ?

ಉತ್ತರ: ತುಂಬಾ ಕಮ್ಮಿ ಜನ ಮಾಡ್ತಾರೆ. ಕೂತವರ ಕಣ್ಣು ನೆಲದಿಂದ ಸುಮಾರು 1.1ರಿಂದ 1.2 ಮೀಟರ್ ಎತ್ತರದಲ್ಲಿರುತ್ತೆ. ರೇಲಿಂಗ್ ಎತ್ತರಾನೂ ಸಾಮಾನ್ಯವಾಗಿ ಅಷ್ಟೇ. ಅಂದ್ರೆ ಎಲ್ಲಕ್ಕಿಂತ ದಪ್ಪ ಪೈಪನ್ನ ನಾವೇ ತಗೊಂಡು ಹೋಗಿ ಅಮ್ಮನ ಕಣ್ಣಿಗೆ ನೇರವಾಗಿ ಇಟ್ಟಿರ್ತೀವಿ. ಎತ್ತರ ಇಳಿಸೋ ಹಾಗಿಲ್ಲ, ನಿಂತವರು ಬಗ್ಗಿ ಬೀಳ್ತಾರೆ. ಮಾಡಬಹುದಾದ್ದು ಅಂದ್ರೆ, ಕೈ ಹಿಡಿಯೋ ಕಂಬಿಯನ್ನ 90 ಸೆಂಟಿಮೀಟರ್ ಹತ್ರ ಒಳಗಡೆಗೆ ಬೇರೆಯಾಗಿ ಕೊಡಿ, ತಡೆಯ ಮೇಲಂಚು 1.2 ಮೀಟರ್‌ಗೇ ಇರಲಿ ಆದ್ರೆ ತೆಳ್ಳಗಿನ ಉಕ್ಕಿನ ಪಟ್ಟಿ ಆಗಿರಲಿ. ನಡುವೆ ನೆಟ್ಟಗಿನ ತೆಳು ಸರಳು, ಸಂದು 10 ಸೆಂಟಿಮೀಟರ್ ಮೀರಬಾರದು, ಮಗುವಿನ ತಲೆ ತೂರೋ ಹಾಗಿರಬಾರದು ಅಂತ. ಅಡ್ಡ ತಂತಿ ಚೆಂದ ಕಾಣುತ್ತೆ ನಿಜ, ಆದ್ರೆ ಅದು ಮಕ್ಕಳಿಗೆ ಮೆಟ್ಟಿಲು, ನಾನು ಎಲ್ಲೂ ಹಾಕಿಸಲ್ಲ. ನೆಟ್ಟಗಿನ ಸರಳಿಗೂ ಒಂದು ಕಾಯಿಲೆ ಇದೆ, ಎದುರಿಗೆ ನಿಂತ್ರೆ ಮಾಯ ಆಗುತ್ತೆ, ಓರೆಯಾಗಿ ನೋಡಿದ್ರೆ ಗೋಡೆ ಥರ ಕಾಣುತ್ತೆ, ಪಟ್ಟಿ ಅಗಲ ಇದ್ದಷ್ಟೂ ಜಾಸ್ತಿ. ಹಾಗಾಗಿ ಕಣಿವೆಯ ಮುಖ್ಯ ನೋಟ ಯಾವ ಕಡೆ ಇದೆಯೋ ಆ ಕಡೆ ಎರಡು ಮೀಟರ್ ಜಾಗಕ್ಕಾದ್ರೂ ಗಾಜು ಹಾಕಿ, ಅದರ ಮುಂದೆ ವೀಲ್‌ಚೇರ್ ತಿರುಗೋಕೆ 1.5 ಮೀಟರ್ ಖಾಲಿ ಬಿಡಿ, ಬೆಂಚು ತಂದು ಅಲ್ಲೇ ಇಡಬೇಡಿ. ರ‍್ಯಾಂಪ್ 1:12ಕ್ಕಿಂತ ಕಡಿದಾಗಿರಬಾರದು.

ಮೇಲಂಚನ್ನ ಚಪ್ಪಟೆ ಮಾಡಿದ್ರೆ ಜನ ಅಲ್ಲಿ ಫೋನ್ ಇಡ್ತಾರೆ, ಅದು ಹೋಗುತ್ತೆ, ಅದರ ಹಿಂದೆ ಇವರು ಬಗ್ತಾರೆ. ಒಳಕ್ಕೆ ವಾಲಿಸಿ. ಮಾಹಿತಿ ಫಲಕವನ್ನ ಎದೆ ಎತ್ತರಕ್ಕೆ ಎತ್ತಿ ನೋಟದ ಮುಂದೆ ನಿಲ್ಲಿಸೋರಿಗೆ ಏನು ಹೇಳಬೇಕೋ ಗೊತ್ತಾಗಲ್ಲ.

ಪ್ರಶ್ನೆ: ನೆಲಕ್ಕೂ ಗಾಜು ಹಾಕಿದ್ರೆ ಜಾಸ್ತಿ ಜನ ಬರಲ್ವಾ?

ಉತ್ತರ: ಬರ್ತಾರೆ. ಬಂದು ಕಾಲಡಿ ನೋಡ್ತಾರೆ, ಬೆಟ್ಟ ನೋಡಲ್ಲ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಸ್ಕೈವಾಕ್ 2007ರದ್ದು, ಕುದುರೆ ಲಾಳದ ಆಕಾರ, ಅಂಚಿಂದ ಸುಮಾರು 21 ಮೀಟರ್ ಹೊರಗೆ, ಗಾಜಿಗೆ ಗೀರು ಬೀಳಬಾರದು ಅಂತ ಶೂ ಮೇಲೆ ಕವರ್ ಹಾಕ್ಕೊಂಡು ನಡೀಬೇಕು. ಟಿಕೆಟ್ ಇಟ್ಟು, ಸಿಬ್ಬಂದಿ ಇಟ್ಟು, ದಿನಾ ಒರೆಸೋ ಕಡೆ ಅದು ನಡೆಯುತ್ತೆ. ರಸ್ತೆ ಪಕ್ಕ ಬಿಟ್ಟಿ ಜಾಗದಲ್ಲಿ ಆರು ತಿಂಗಳಿಗೆ ಗಾಜು ಮಬ್ಬು, ಮಳೇಲಿ ಜಾರು. ಹಾಕೋದಾದ್ರೆ ಪದರ ಪದರ ಅಂಟಿಸಿದ ಲ್ಯಾಮಿನೇಟೆಡ್ ಗಾಜೇ ಬೇಕು, ಒಂದು ಪದರ ಒಡೆದ್ರೂ ಉಳಿದವು ಭಾರ ಹೊರೋ ಹಾಗೆ. ರೇಲಿಂಗಿನ ಗಾಜಿಗೆ ಹಕ್ಕಿಗಳು ಬಡೀದೇ ಇರೋಕೆ ಒತ್ತೊತ್ತಾಗಿ ಚುಕ್ಕಿ ಹಾಕಿಸಿ.

ಪ್ರಶ್ನೆ: ಇಷ್ಟೆಲ್ಲಾ ಯಾಕೆ ಮೇಡಂ, ಬಂಡೆ ಮೇಲೆ ನಿಂತು ನೋಡಿದ್ರೆ ಬೆಟ್ಟ ಕಾಣಲ್ವಾ?

ಉತ್ತರ: ಕಾಣುತ್ತೆ. ಎಷ್ಟೋ ಜಾಗಕ್ಕೆ ಒಂದು ಕಾಲುದಾರಿ, ಅಂಚಿಗೆ ಒಂದು ಕಲ್ಲಿನ ಕಟ್ಟೆ, ಇಷ್ಟೇ ಸಾಕು, ನಾನು ಒಪ್ತೀನಿ. ವೇದಿಕೆ ಬೇಕಾಗೋದು ಜನ ಜಾಸ್ತಿ ಬಂದು ಅಂಚಿನ ಹುಲ್ಲು ಸವೆದು ಮಣ್ಣು ಕಿತ್ತು ಹೋಗೋಕೆ ಶುರುವಾದಾಗ. ಆಗ ನೆಲದಿಂದ ಒಂದಡಿ ಮೇಲೆ ಎತ್ತಿದ ಹಲಗೆ ದಾರಿ ಆ ಮಣ್ಣನ್ನ ಕಾಪಾಡುತ್ತೆ, ಜನ ಎಲ್ಲಿ ಬೇಕಾದ್ರೂ ಓಡಾಡೋದು ತಪ್ಪುತ್ತೆ. ನಾರ್ವೆಯಲ್ಲಿ ರಸ್ತೆ ಇಲಾಖೆಯೇ 18 ರಮಣೀಯ ಮಾರ್ಗ ಅಂತ ಆರಿಸ್ಕೊಂಡು ಉದ್ದಕ್ಕೂ ಇಂಥ ತಂಗುದಾಣ ಕಟ್ಟಿಸಿದೆ, ಅದರಲ್ಲಿ ಚಾಚಿರೋ ವೇದಿಕೆ ಕೆಲವೇ, ಬೆಂಚು, ಮೆಟ್ಟಿಲು, ಶೌಚಾಲಯ, ಕಾಲುದಾರಿ ಇಂಥವೂ ಎಷ್ಟೋ ಇವೆ. ಫೋಟೋಗೆ ಬೀಳೋದು ಮಾತ್ರ ಆ ಕೆಲವೇ.

ಪ್ರಶ್ನೆ: ಯಾವ ಮೆಟೀರಿಯಲ್ ಬಾಳಿಕೆ ಬರುತ್ತೆ? ಆ ತುಕ್ಕು ಬಣ್ಣದ ಕಾರ್ಟೆನ್ ಸ್ಟೀಲ್ ಹಾಕೋಣ ಅಂತಿದೀವಿ, ನಮ್ಮ ಜಾಗದಲ್ಲಿ ಮಳೆ, ಮಂಜು ಎರಡೂ ಜಾಸ್ತಿ.

ಉತ್ತರ: ಹಾಗಿದ್ರೆ ಯೋಚನೆ ಮಾಡಿ. ಕಾರ್ಟೆನ್‌ನ ಗುಟ್ಟು ಏನಂದ್ರೆ ಅದು ನೆನೆದು ಒಣಗಿ, ನೆನೆದು ಒಣಗಿ ಮೇಲೆ ಒಂದು ಗಟ್ಟಿ ತುಕ್ಕಿನ ಪದರ ಕಟ್ಕೊಳ್ಳುತ್ತೆ, ಆಮೇಲೆ ಒಳಗೆ ತಿನ್ನೋದು ನಿಧಾನ ಆಗುತ್ತೆ. ತಿಂಗಳುಗಟ್ಟಲೆ ಮಂಜಲ್ಲಿ ಒದ್ದೆ ಆಗೇ ಇದ್ರೆ ಆ ಪದರ ಕೂರೋದೇ ಇಲ್ಲ, ಸಾಮಾನ್ಯ ಕಬ್ಬಿಣದ ಹಾಗೆ ತಿಂದ್ಕೊಂಡು ಹೋಗುತ್ತೆ. ಮೊದಮೊದಲು ತೊಟ್ಟಿಕ್ಕೋ ಕೆಂಪು ನೀರು ಕೆಳಗಿನ ಕಾಂಕ್ರೀಟು, ಬಂಡೆ ಎಲ್ಲಾ ಕಲೆ ಮಾಡುತ್ತೆ, ನಿಮ್ಮ ಬಟ್ಟೇನೂ. ಬಿಸಿ ಗ್ಯಾಲ್ವನೈಸ್ ಮಾಡಿದ, ಅಂದ್ರೆ ಕರಗಿದ ಸತುವಲ್ಲಿ ಅದ್ದಿ ತೆಗೆದ ಉಕ್ಕು ಇಂಥ ಕಡೆ ನಂಬಿಕಸ್ತ, ಬೂದು ಬಣ್ಣ ಬಂಡೆ ಜೊತೆ ಬೆರೀತದೆ ಕೂಡ. ನೆಲಕ್ಕೆ ಮರ ಹಾಕಿದ್ರೆ ಹಲಗೆಗಳನ್ನ ನಡೆಯೋ ದಿಕ್ಕಿಗೆ ಅಡ್ಡಲಾಗಿ ಹಾಕಿ, ನಡುವೆ 6-8 ಮಿ.ಮೀ ಸಂದು ಬಿಡಿ, ಪಾಚಿ ಕಟ್ಟೋ ನೆರಳಿನ ಭಾಗಕ್ಕೆ ಮರ ಬೇಡ. ಹಿಮ ಬೀಳೋ ಕಡೆ ಜಾಲರಿ ನೆಲ ಅನುಕೂಲ, ಹಿಮ ತಾನಾಗೇ ಕೆಳಗೆ ಉದುರುತ್ತೆ, ಆದ್ರೆ ಎತ್ತರ ಕಂಡ್ರೆ ಹೆದರೋರು ಅದರ ಮೇಲೆ ಕಾಲಿಡಲ್ಲ, ಮಧ್ಯೆ ಒಂದು ಪಟ್ಟಿ ಮರದ್ದು ಅಥವಾ ತಗಡಿನದ್ದು ಕೊಡಿ.

ಬೇಗ ಹಾಳಾಗೋದು ಯಾವಾಗ್ಲೂ ನೀರು ನಿಲ್ಲೋ ಮೂಲೆ, ಅಂದ್ರೆ ತೊಲೆ ಬಂಡೆಗೆ ಸೇರೋ ಜಾಗ, ರೇಲಿಂಗ್ ಕಾಲು ನೆಲಕ್ಕೆ ಕೂರೋ ಜಾಗ, ಆಂಕರ್ ತಲೆ. ಆ ಮೂರಕ್ಕೂ ಕೈ ಹೋಗೋ ಹಾಗೆ, ಟಾರ್ಚ್ ಬಿಟ್ಟು ನೋಡೋ ಹಾಗೆ ಡಿಸೈನಲ್ಲೇ ಜಾಗ ಬಿಡಿ, ಚೆಂದಕ್ಕೆ ಅಂತ ತಗಡು ಹೊಡೆದು ಮುಚ್ಚಿಬಿಡಬೇಡಿ. ಪ್ರತಿ ಮಳೆಗಾಲ ಮುಗಿದ ಮೇಲೆ ಯಾರು ಹೋಗಿ ನೋಡ್ತಾರೆ, ಅವರ ದುಡ್ಡು ಯಾವ ಲೆಕ್ಕದಿಂದ ಬರುತ್ತೆ ಅನ್ನೋದನ್ನ ಟೆಂಡರ್‌ನಲ್ಲೇ ಬರೆಸಿ. ಅದು ಬರೆಸೋಕೆ ಆಗ್ತಿಲ್ಲ ಅಂದ್ರೆ ಮೇಲಿನ ಪತ್ರದವರಿಗೆ ನಾನು ಹೇಳಿದ ಹಾಗೆ ಕಲ್ಲಿನ ಕಟ್ಟೆ ಕಟ್ಟಿ ಸುಮ್ಮನಾಗಿ.